ಗಾಯ ಒಣಗೇತಿ, ಆದ್ರ ಮೊಣಕೈ ನೆಟ್ಟಗಾಗವಲ್ದು

ಪ್ರಶ್ನೆ: ನಮ್ಮದು ಸಿಂಧನೂರು ಹತ್ರ ಹಳ್ಳಿ. ಮಗಳಿಗೆ ಎರಡು ವರ್ಷ. ನಾಲ್ಕು ತಿಂಗಳ ಹಿಂದ ಕುದಿಯೋ ಸಾರಿನ ಬೋಗಾಣಿ ಮೈಮ್ಯಾಲೆ ಎಳಕೊಂಡು ಎದಿ, ಬಲಗೈ ಸುಟ್ಟಿತ್ತು. ತೊಡಿ ಚರ್ಮ ತಗದು ಕೈಗೆ ಹಚ್ಚ್ಯಾರ. ಈಗ ಗಾಯ ಒಣಗೇತಿ, ಆದ್ರ ಮೊಣಕೈ ಪೂರಾ ನೆಟ್ಟಗಾಗಂಗಿಲ್ಲ, ರಾತ್ರಿಯೆಲ್ಲಾ ತುರಿಕಿ, ಕಲೆ ಒತ್ತಿ ಹಿಡಿಯಾಕ ಆಸ್ಪತ್ರಿಯವರು ಹೇಳಿದ ಬಿಗಿ ಅಂಗಿ ಹಾಕಿದ್ರ ಅಳ್ತಾಳ. ಬೆಳೀತಾ ಸರಿ ಹೋಗ್ತದ ಬಿಡು ಅಂತಾರ ಅತ್ತಿ. ಇನ್ನೊಂದು, ಸುಟ್ಟಿದ್ದು ಎದಿ-ಕೈ ಮಾತ್ರ, ಎರಡು ದಿನ ಸಲೈನ್ ಯಾಕ ಹಾಕಿದ್ರು?

ಉತ್ತರ: ಬೆಳೀತಾ ಸರಿ ಹೋಗಂಗಿಲ್ಲ ತಾಯಿ, ಇನ್ನೂ ಬಿಗೀತದ. ಎಲುಬು ಬೆಳೀತದ, ಸುಟ್ಟ ಕಲೆ ಅದರ ಜೋಡಿ ಹಿಗ್ಗಂಗಿಲ್ಲ. ಮ್ಯಾಲೆ ಒಣಗಿದಂಗ ಕಂಡ್ರೂ ಆ ಚರ್ಮ ಒಂದು ವರ್ಷ, ಕೆಲವು ಮಕ್ಕಳಿಗೆ ಎರಡು ವರ್ಷದವರೆಗೂ ಒಳಗೊಳಗ ಎಳೀತಾನೇ ಇರ್ತದ. ಈ ವಾರನೇ ಆಪರೇಷನ್ ಮಾಡಿದ ಡಾಕ್ಟ್ರು, ಫಿಸಿಯೋಥೆರಪಿಯವರು ಇಬ್ಬರಿಗೂ ತೋರಸ್ರಿ. ರಾತ್ರಿ ಕೈ ನೆಟ್ಟಗಿಡೋ ಸ್ಪ್ಲಿಂಟ್ ಕೊಡ್ತಾರ, ಹಗಲು ಗೋಡಿ ಮ್ಯಾಲೆ ಬಲೂನ್ ಕಟ್ಟಿ ಮುಟ್ಟು ಅನ್ರಿ, ಆಟದಾಗೇ ಕೈ ಚಾಚಲಿ. ಇಷ್ಟಾದ್ರೂ ಬಿಗಿದ್ರ ಆ ಕಲೆ ಬಿಡಿಸಿ ಮತ್ತ ಚರ್ಮ ಹಚ್ಚೋ ಆಪರೇಷನ್ ಐತಿ, ಅಲ್ಲಿಗೆ ಹೋಗೋದು ತಪ್ಪಲಿ ಅಂತ ಇಷ್ಟು ಒತ್ತಿ ಹೇಳಾಕತ್ತೀನಿ.

ಬಿಗಿ ಅಂಗಿ ದಿನಕ್ಕ 23 ತಾಸು ಇರಬೇಕು, ಜಳಕಕ್ಕ, ಎಣ್ಣಿ ತಿಕ್ಕಾಕ ಅಷ್ಟ ತಗೀರಿ. ಎರಡು ಜೊತಿ ಹೊಲಸ್ರಿ, ನಮ್ಮ ಸೆಕಿಗೆ ಒಂದು ಸಾಲಂಗಿಲ್ಲ. ಕೂಸು ಬೆಳೀತಿರೋದ್ರಿಂದ ಎರಡು-ಮೂರು ತಿಂಗಳಿಗೊಮ್ಮೆ ಅಳತಿ ಹೊಸದಾಗಿ ತಗೋಬೇಕು, ಬೆರಳು ಬಾತ್ರ ಅಥವಾ ನೀಲಿ ಆದ್ರ ಕೂಡ್ಲೇ ತಗದು ತೋರಸ್ರಿ. ಪೂರ್ತಿ ಮುಚ್ಚಿದ ಕಲೆಗೆ ವಾಸನಿ ಇಲ್ಲದ ಕೊಬ್ಬರಿ ಎಣ್ಣಿ ಹಚ್ಚಿ ಮೆಲ್ಲಕ ಒತ್ತಿ ತಿಕ್ರಿ, ತುರಿಕಿನೂ ಕಮ್ಮಿ ಆಗ್ತದ. ತುರಿಕಿಗೆ ಸಿರಪ್ ಐತಿ, ಆದ್ರ ಡಾಕ್ಟ್ರು ತೂಕ ನೋಡಿ ಬರದದ್ದು ಮಾತ್ರ, ಮೆಡಿಕಲ್‌ನಿಂದ ದೊಡ್ಡವರ ಗುಳಿಗಿ ತಂದು ಅರ್ಧ ಮಾಡಿ ಕೊಡಬ್ಯಾಡ್ರಿ. ಚರ್ಮ ಹಚ್ಚಿದ ಜಾಗದಾಗ ಸರಿಯಾಗಿ ಬೆವರು ಬರಂಗಿಲ್ಲ, ರಾಯಚೂರು ಬಿಸಲಿಗೆ ಕೂಸನ್ನ ಮಧ್ಯಾಹ್ನ ಹೊರಗ ಬಿಡಬ್ಯಾಡ್ರಿ.

ಸಲೈನ್ ಮಾತು. ಮಗುವಿನ ಅಂಗೈ ಬೆರಳು ಸೇರಿ ಅದರ ಮೈಯ ಸುಮಾರು ನೂರಕ್ಕ ಒಂದು ಪಾಲು, ಹಂಗ ಲೆಕ್ಕ ಹಾಕಿ ಹತ್ತು ಪಾಲಿಗಿಂತ ಹೆಚ್ಚು ಸುಟ್ಟಿದ್ರ ರಕ್ತನಾಳದಾಗಿನ ನೀರು ಹೊರಗ ಸೋರಿ ಮೈ ಬಾತು, ಬಿಪಿ ಇಳದು ಕಿಡ್ನಿಗೆ ಹೊಡತ ಬೀಳ್ತದ. ಸಣ್ಣ ಮೈಯಾಗ ರಕ್ತನೇ ಸ್ವಲ್ಪ ಇರ್ತದಲ್ಲ. ಅದಕ್ಕ ತೂಕ, ಸುಟ್ಟ ಪಾಲು ಎರಡೂ ಲೆಕ್ಕ ಹಾಕಿ 24 ತಾಸಿನ ನೀರಿನಾಗ ಅರ್ಧ ಮೊದಲ 8 ತಾಸಿನಾಗ ಹಾಕ್ತಾರ, ಆ 8 ತಾಸು ಸುಟ್ಟ ಹೊತ್ತಿನಿಂದ ಎಣಿಸೋದು, ಆಸ್ಪತ್ರಿ ಮುಟ್ಟಿದ ಹೊತ್ತಿನಿಂದ ಅಲ್ಲ. ಎಷ್ಟೊತ್ತಿಗೆ ಸುಟ್ಟಿತು ಅಂತ ಡಾಕ್ಟ್ರು ಮತ್ತ ಮತ್ತ ಕೇಳೋದು ಇದಕ್ಕ. ಉಚ್ಚಿ ಅಳದು ನೋಡಿ ಸಲೈನ್ ಹೆಚ್ಚು ಕಮ್ಮಿ ಮಾಡ್ತಾರ.

ತತ್ತಿ, ಬ್ಯಾಳಿ ತಿಂದ್ರ ಕೀವು ತುಂಬತದ ಅಂತ ನಮ್ಮ ಕಡೆ ನಿಲ್ಲಸ್ತಾರ. ದಯಮಾಡಿ ನಿಲ್ಲಸಬ್ಯಾಡ್ರಿ, ಚರ್ಮ ಕೂಡೋದೇ ಅದರಿಂದ.

ಪ್ರಶ್ನೆ: ಗಂಗಾವತಿಯಿಂದ. ಕೂಸಿನ ಮ್ಯಾಲೆ ಬಿಸಿನೀರು ಬಿದ್ರ ಪೇಸ್ಟ್ ಹಚ್ಚಬೇಕೋ, ಐಸ್ ಇಡಬೇಕೋ?

ಉತ್ತರ: ಎರಡೂ ಬ್ಯಾಡ. ಇಂಕು, ಅರಿಶಿಣ, ತುಪ್ಪ ಯಾವುದೂ ಬ್ಯಾಡ. ಅರಿವಿ, ಬಳಿ, ಉಡದಾರ ಕೂಡ್ಲೇ ತಗೀರಿ, ಅಂಟಿಕೊಂಡಿದ್ದು ಮಾತ್ರ ಕೀಳಬ್ಯಾಡ್ರಿ. ಸುಟ್ಟ ಜಾಗದ ಮ್ಯಾಲೆ 20 ನಿಮಿಷ ಹರಿಯೋ ತಣ್ಣೀರು ಬಿಡ್ರಿ, ತಡ ಆದ್ರೂ ಮೂರು ತಾಸಿನೊಳಗ ಮಾಡಿದ್ರ ಉಪಯೋಗ ಐತಿ. ಉಳಿದ ಮೈ ಚಾದರದಾಗ ಬೆಚ್ಚಗಿರಲಿ, ಸಣ್ಣ ಕೂಸು ಬೇಗ ತಣ್ಣಗಾಗ್ತದ. ಆಮ್ಯಾಲೆ ಸ್ವಚ್ಛ ಹತ್ತಿ ಬಟ್ಟಿ ಮುಚ್ಚಿ 108ಕ್ಕ ಫೋನ್ ಮಾಡ್ರಿ. ಮುಖ, ಅಂಗೈ, ಕೀಲು, ಉಚ್ಚಿ ಜಾಗ ಸುಟ್ಟಿದ್ರ ಗಾಯ ಸಣ್ಣದಿದ್ರೂ ದೊಡ್ಡ ಆಸ್ಪತ್ರಿಗೇ ಹೋಗ್ರಿ. ಬ್ಯಾಸಿಗಿ ಮಧ್ಯಾಹ್ನ ಮಾಳಿಗಿ ಟ್ಯಾಂಕಿನ ನಳದ ನೀರೇ ಸುಡ್ತಿರ್ತದ, ಮೊದಲು ನಿಮ್ಮ ಕೈ ಹಿಡದು ನೋಡ್ರಿ, ಬಿಸಿ ಇದ್ರ ಕೊಡದಾಗಿನ ನೀರು ಚರಿಗಿಲೆ ಸುರೀರಿ.