ಬೆಂಚಿನ ಮೇಲೆ ಕೂತ ಹುಡುಗ

ದಾವಣಗೆರೆಯ ಹಿರಿಯ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಸ್ಪೇನಿನ ಬಾಸ್ಕೆಟ್‌ಬಾಲ್ ಕೋಚ್ ಆಯೀತೊ ಗಾರ್ಸಿಯಾ ರೆನೆಸೆಸ್‌ಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಯುರೋಪಿನ ದೊಡ್ಡ ಕಪ್ಪನ್ನು ಒಮ್ಮೆಯೂ ಗೆಲ್ಲದವರಿಗೆ ಇಷ್ಟು ಜಾಗ ಯಾಕೆ? ಅದನ್ನು ಎರಡು ಸಲ ಗೆದ್ದ ಪಾಬ್ಲೊ ಲಾಸೊ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಮೊಮ್ಮಗ ಬಾಸ್ಕೆಟ್‌ಬಾಲ್ ಟೀಮಿನಲ್ಲಿದ್ದಾನೆ. ಆಡುವುದಕ್ಕಿಂತ ಬೆಂಚಿನ ಮೇಲೆ ಕೂರುವುದೇ ಜಾಸ್ತಿ. ಅಂಥವನಿಗೆ ಗೆದ್ದವರ ಕಥೆ ಹೇಳಿ, ಇಲ್ಲದಿದ್ದರೆ ಚಂದಾ ನಿಲ್ಲಿಸುತ್ತೇನೆ.”

ಸಂಪಾದಕರ ಉತ್ತರ:

ಲಾಸೊ ವಿಷಯ ಒಪ್ಪಿದೆ. 2015 ಮತ್ತು 2018ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಆ ದೊಡ್ಡ ಕಪ್ಪನ್ನು, ಅಂದರೆ ಯುರೋಲೀಗನ್ನು, ಗೆದ್ದುಕೊಟ್ಟವರು. ದೊಡ್ಡ ಕೋಚ್, ಅನುಮಾನವಿಲ್ಲ. ನಿಮ್ಮ ಪರವಾಗಿ ಇನ್ನೊಂದು ಸಾಕ್ಷಿಯನ್ನೂ ನಾನೇ ಕೊಡುತ್ತೇನೆ. ಆಯೀತೊ ವರ್ಷಗಟ್ಟಲೆ ದುಡಿದ ಬಾರ್ಸಿಲೋನಾ ಕೊನೆಗೂ ಆ ಕಪ್ ಎತ್ತಿದ್ದು 2003ರಲ್ಲಿ. ಆಗ ಕೋಚ್ ಆಗಿದ್ದವರು ಸರ್ಬಿಯಾದ ಪೆಶಿಚ್.

ಆದರೆ ಸೋತದ್ದು ಹೇಗೆ ಅಂತಲೂ ನೋಡಬೇಕಲ್ವಾ? ಆಯೀತೊ ಕೈಕೆಳಗೆ ಬಾರ್ಸಿಲೋನಾ ಆ ಕಪ್ಪಿನ ಫೈನಲ್‌ನಲ್ಲಿ ಸೋತದ್ದು 1990, 1996, 1997, ಮೂರು ಸಲ. 1996ರದ್ದು ಪ್ಯಾರಿಸ್‌ನಲ್ಲಿ, ಗ್ರೀಸಿನ ಪನಾಥಿನೈಕೋಸ್ ವಿರುದ್ಧ. ಕೊನೆಯ ಕ್ಷಣ, ಒಂದೇ ಅಂಕದ ಹಿನ್ನಡೆ. ಬಾರ್ಸಿಲೋನಾದ ಮೊಂಟೆರೊ ಎಸೆದ ಚೆಂಡು ಬೋರ್ಡಿಗೆ ತಾಗಿ ರಿಂಗ್ ಕಡೆ ಬರುತ್ತಿತ್ತು. ಎದುರಾಳಿ ತಂಡದ ವ್ರಾಂಕೊವಿಚ್ ಹಿಂದಿನಿಂದ ಓಡಿಬಂದು ಅದನ್ನು ಹೊಡೆದುಬಿಟ್ಟರು. ಬೋರ್ಡಿಗೆ ತಾಗಿದ ಮೇಲೆ ಹಾಗೆ ಮುಟ್ಟುವಂತಿಲ್ಲ, ಆ ಎಸೆತ ಲೆಕ್ಕಕ್ಕೆ ಬರಬೇಕಿತ್ತು. ರೆಫರಿ ಸೀಟಿ ಊದಲಿಲ್ಲ. 67-66. ಒಂದು ಸೀಟಿಗಾಗಿ ಒಬ್ಬ ಮನುಷ್ಯನ ಐವತ್ತು ವರ್ಷದ ಕೆಲಸವನ್ನು ತಳ್ಳಿಹಾಕುವುದು ನನಗೆ ಆಗುವುದಿಲ್ಲ, ಸ್ವಾಮಿ.

ಅವರ ಹೆಸರು ಅಲೆಹಾಂದ್ರೊ. ಆಯೀತೊ ಅನ್ನುವುದು ಕರೆಯುವ ಹೆಸರು. ನಮ್ಮ ಕಿವಿಗೆ ‘ಆಯ್ತೋ?’ ಅಂದ ಹಾಗೆ ಕೇಳುತ್ತದೆ. ಅವರಿಗೆ ಮಾತ್ರ ‘ಆಯ್ತು’ ಅನ್ನಿಸಲೇ ಇಲ್ಲ. 1946ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದವರು, 1973ರಲ್ಲಿ ಬಾದಲೋನಾದ ಒಂದು ಸಣ್ಣ ಕ್ಲಬ್ಬಿನಲ್ಲಿ ಕೋಚಿಂಗ್ ಶುರು ಮಾಡಿ, 2023ರವರೆಗೂ ಅಂಕಣದ ಅಂಚಿನಲ್ಲೇ ಇದ್ದರು. ಬಾರ್ಸಿಲೋನಾಗೆ ಒಂಬತ್ತು ಸ್ಪ್ಯಾನಿಷ್ ಲೀಗ್ ಗೆದ್ದುಕೊಟ್ಟರು. ಅದನ್ನು ನೀವು ಎಣಿಸಲೇ ಇಲ್ಲ!

ನಾನು ಎಣಿಸುವುದು ಇನ್ನೊಂದು. 2005ರಲ್ಲಿ ಹೂವೆಂತುದ್ ಬಾದಲೋನಾ ತಂಡದಲ್ಲಿ ರಿಕಿ ರುಬಿಯೊ ಎಂಬ ಹುಡುಗನನ್ನು ಅವರು ಲೀಗ್ ಪಂದ್ಯಕ್ಕೆ ಇಳಿಸಿದರು. ವಯಸ್ಸು ಎಷ್ಟು ಗೊತ್ತೇ? 14. ನಮ್ಮಲ್ಲಿ ಆ ವಯಸ್ಸಿಗೆ ಟ್ಯೂಷನ್ ಬ್ಯಾಗು ಬೆನ್ನಿಗಿರುತ್ತದೆ. ಮೂರು ವರ್ಷದ ನಂತರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ಪೇನ್ ಅಮೆರಿಕಕ್ಕೆ 118-107ರಿಂದ ಸೋತಿತು. ಕೋಚ್ ಆಯೀತೊ. 17ರ ರಿಕಿ ಆ ಅಂಕಣದಲ್ಲಿದ್ದ. ಅದಕ್ಕೂ ಮೊದಲು ಬಾರ್ಸಿಲೋನಾದಲ್ಲಿ ಪಾವ್ ಗಸೋಲ್, ಆಮೇಲೆ ಸೆವಿಲ್ಲಾದಲ್ಲಿ ಪೊರ್ಜಿಂಗಿಸ್, ಬರ್ಲಿನ್‌ನಲ್ಲಿ ಫ್ರಾಂಜ್ ವಾಗ್ನರ್, ಎಲ್ಲರೂ ಎಳೆಯ ವಯಸ್ಸಿನಲ್ಲೇ ಇವರ ಕೈಯಲ್ಲಿ ಆಡಿದವರು. ಎಲ್ಲರೂ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ಮುಟ್ಟಿದರು. ಹತ್ತು-ಹನ್ನೆರಡು ಆಟಗಾರರನ್ನು ತಿರುಗಿಸಿ ತಿರುಗಿಸಿ ಆಡಿಸುವುದು ಆಯೀತೊ ಪದ್ಧತಿ. ಸ್ಟಾರ್‌ಗಳಿಗೆ ಸಿಟ್ಟು ಬರುತ್ತಿರಬಹುದು. ಬರಲಿ ಬಿಡಿ.

ನನ್ನ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ನೆನಪಾಗುತ್ತಾರೆ. ಎರಡು ವರ್ಷ ನನ್ನಿಂದ ನೀರಿನ ಕೊಡ ಹೊರಿಸಿದರು. ದಿನಾ ಜರ್ಸಿ ಹಾಕಿಕೊಂಡು ಹೋಗುತ್ತಿದ್ದೆ. ಅದು ಬೆವರಲೇ ಇಲ್ಲ. ಒಗೆಯುವುದೇ ಬೇಡ ಅಂತ ಅಮ್ಮ ನಗುತ್ತಿದ್ದಳು. ಆ ಎರಡು ವರ್ಷವೂ ನಮ್ಮ ಶಾಲೆ ಶೀಲ್ಡ್ ಗೆದ್ದಿತು. ಆ ಶೀಲ್ಡ್ ಹೇಗಿತ್ತೆಂದು ಕೇಳಿದರೆ ನನಗೆ ನೆನಪಿಲ್ಲ, ಕೊಡದ ಭಾರ ನೆನಪಿದೆ.

ಈಗಲೂ ಅದೇ ರೋಗ. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪೇಪರು ಬಿಡಿಸಿದರೆ 625ಕ್ಕೆ 625 ಬಂದ ಮಕ್ಕಳ ಫೋಟೊ. 35 ತೆಗೆಯುತ್ತಿದ್ದವನನ್ನು 60ಕ್ಕೆ ಏರಿಸಿದ ಮೇಷ್ಟ್ರ ಫೋಟೊ ಯಾವತ್ತಾದರೂ ನೋಡಿದ್ದೀರಾ? ನಾವು ಪತ್ರಿಕೆಯವರೂ ಕಡಿಮೆಯಿಲ್ಲ. ಜಾಹೀರಾತು ಬಂದರೆ ಬಾಯಿ ಮುಚ್ಚುತ್ತೇವೆ.

ಬರ್ಲಿನ್ ಕಥೆ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಎಪ್ಪತ್ತು ದಾಟಿದವರನ್ನು ಆಲ್ಬಾ ಕ್ಲಬ್ 2017ರಲ್ಲಿ ಕರೆಸಿಕೊಂಡಿತು. ಜರ್ಮನ್ ಲೀಗ್ ಫೈನಲ್‌ನಲ್ಲಿ 2018ರಲ್ಲಿ ಸೋಲು, 2019ರಲ್ಲಿ ಮತ್ತೆ ಸೋಲು. ಅದೇ 2019ರಲ್ಲಿ ಯುರೋಪಿನ ಎರಡನೇ ಹಂತದ ಟೂರ್ನಿಯಾದ ಯುರೋಕಪ್ ಫೈನಲ್‌ನಲ್ಲೂ ಸೋಲು. ಬೇರೆ ಕಡೆಯಾಗಿದ್ದರೆ ಮುದುಕನಿಗೆ ಹಾರ ಹಾಕಿ ಕಳಿಸುತ್ತಿದ್ದರು. ಆ ಕ್ಲಬ್ ಸುಮ್ನೆ ಕಾದಿತು. 2020ರಲ್ಲಿ ಲೀಗು, ಜೊತೆಗೆ ಜರ್ಮನ್ ಕಪ್ಪು. 2021ರಲ್ಲಿ ಮತ್ತೆ ಲೀಗು.

ನೀವು ಪತ್ರದಲ್ಲಿ ಕಪ್ಪಿನ ಬಗ್ಗೆ ಹತ್ತು ಸಾಲು ಬರೆದು, ಮೊಮ್ಮಗನ ಬಗ್ಗೆ ಮೂರೇ ಸಾಲು ಬರೆದಿದ್ದೀರಿ. ನಾನು ಹತ್ತಕ್ಕೆ ಕತ್ತರಿ ಹಾಕಿ ಚಿಕ್ಕದು ಮಾಡಿ, ಮೂರನ್ನು ಹಾಗೇ ಉಳಿಸಿಕೊಂಡೆ, ಕ್ಷಮಿಸಿ. ಅವನಿಗೆ ವಯಸ್ಸೆಷ್ಟು, ಎತ್ತರ ಎಷ್ಟು, ಕಳೆದ ಪಂದ್ಯದಲ್ಲಿ ಎಷ್ಟು ನಿಮಿಷ ಆಡಿಸಿದರು? ಮುಂದಿನ ಪತ್ರದಲ್ಲಿ ಅದನ್ನು ಬರೆಯಿರಿ. ಚಂದಾ ನಿಲ್ಲಿಸುವ ಮಾತು ಆಮೇಲೆ.