ಹಳ್ಳದ ನೀರಿಗೆ ಕಡಲಿನ ಲೆಕ್ಕ ಹಿಡಿಯುವುದಿಲ್ಲ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ನೇತ್ರಾಣಿ ದ್ವೀಪದ ಕಡಲಿನಲ್ಲಿ ಡೈವಿಂಗ್ ಮಾಡಿ ಬಂದಾಗಿನಿಂದ ನೀರೊಳಗಿನ ಛಾಯಾಗ್ರಹಣದ ಹುಚ್ಚು ಹತ್ತಿದೆ. ಕ್ಯಾಮೆರಾಕ್ಕೆ ಹೌಸಿಂಗ್ (ನೀರು ಒಳಹೋಗದ ಕವಚ), ಜೊತೆಗೆ ಒಂದು ಸ್ಟ್ರೋಬ್ (ನೀರೊಳಗೆ ಬಳಸುವ ಫ್ಲಾಶ್) ಕೊಂಡಿದ್ದೇನೆ. ತೋಟದಂಚಿನ ಹಳ್ಳದಲ್ಲಿ ಮೀನಿನ ಚಿತ್ರ ತೆಗೆದರೆ ಮೀನು ಸುಣ್ಣ ಬಳಿದಂತೆ ಬೆಳ್ಳಗೆ, ಹಿಂದೆ ಕಗ್ಗತ್ತಲು, ನಡುವೆ ಹಿಟ್ಟು ಚೆಲ್ಲಿದಂತೆ ಚುಕ್ಕೆಗಳು. ಎಫ್/16, 1/200 ಸೆಕೆಂಡ್, ಐಎಸ್‌ಒ 100 ಇಟ್ಟಿದ್ದೆ. ಸ್ಟ್ರೋಬ್ ಹೌಸಿಂಗ್ ಮೇಲೆಯೇ ಕೂತಿದೆ, ಪೂರ್ಣ ಶಕ್ತಿಯಲ್ಲಿ. ತಪ್ಪೆಲ್ಲಿ?

ಉತ್ತರ: ನೀವು ಹೇಳಿದ ಮೂರು ದೋಷಗಳಿಗೂ ಬೇರೆ ಬೇರೆ ಕಾರಣಗಳಿವೆ. ಒಂದೊಂದಾಗಿ ಬಿಡಿಸೋಣ.

ಮೊದಲು ಕತ್ತಲು. ಸ್ಟ್ರೋಬ್ ಬಳಸಿ ತೆಗೆದ ಪ್ರತಿ ಚಿತ್ರದಲ್ಲೂ ಎರಡು ಬೆಳಕುಗಳಿರುತ್ತವೆ: ಮೇಲಿನಿಂದ ಇಳಿದ ಹಗಲ ಬೆಳಕು ಮತ್ತು ನೀವು ಕೊಟ್ಟ ಮಿಂಚು. ಮಿಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಶಟರ್ ನಿಧಾನವಾದರೂ ಮಿಂಚಿನ ಪಾಲು ಬದಲಾಗುವುದಿಲ್ಲ, ಹಗಲ ಬೆಳಕಿನ ಪಾಲು ಮಾತ್ರ ಹೆಚ್ಚುತ್ತದೆ. ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ಇಳಿದಷ್ಟೂ ದೊಡ್ಡದು) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಈ ಎರಡೂ ಬೆಳಕುಗಳನ್ನು ಒಟ್ಟಿಗೆ ಏರಿಸಿ ಇಳಿಸುತ್ತವೆ. ತೋಟದ ಹಳ್ಳವೆಂದರೆ ಮೇಲೆ ಅತ್ತಿ, ಹಲಸಿನ ನೆರಳು. ಅಲ್ಲಿ ಎಫ್/16, 1/200 ಇಟ್ಟರೆ ಹಗಲ ಬೆಳಕಿಗೆ ಕ್ಯಾಮೆರಾದೊಳಗೆ ಜಾಗವೇ ಇರುವುದಿಲ್ಲ.

ಹೀಗೆ ಮಾಡಿ. ಸ್ಟ್ರೋಬ್ ಬಂದ್ ಮಾಡಿ, ಬರೀ ನೀರಿನ ಚಿತ್ರ ತೆಗೆಯಿರಿ. ಹಿಂದಿನ ಬಂಡೆ, ಕೊಳೆತ ಎಲೆ, ಮೇಲಿನಿಂದ ಬಿದ್ದ ಬಿಸಿಲುಕೋಲು ಇವೆಲ್ಲ ಕಣ್ಣಿಗೆ ಕಂಡದ್ದಕ್ಕಿಂತ ತುಸುವೇ ಮಬ್ಬಾಗಿ ಬರುವವರೆಗೂ ಅಳತೆ ಬದಲಿಸುತ್ತಾ ಹೋಗಿ. ಎಫ್/8, 1/60, ಐಎಸ್‌ಒ 400ರಿಂದ ಆರಂಭಿಸಬಹುದು. ನಿಮ್ಮ ಹಳೆಯ ಅಳತೆಗಿಂತ ಇದು ಹಗಲ ಬೆಳಕಿಗೆ ಸುಮಾರು 50 ಪಟ್ಟು ಹೆಚ್ಚು ಬಾಗಿಲು ತೆರೆಯುತ್ತದೆ. ಶಟರ್ 1/60ಕ್ಕಿಂತ ನಿಧಾನವಾದರೆ ಈಜುವ ಮೀನಿನ ಬಾಲದ ಸುತ್ತ ನೆರಳಿನಂಥ ಗೆರೆ ಮೂಡುತ್ತದೆ. ಬಿಸಿಲು ಹೆಚ್ಚಿದಾಗ ಶಟರನ್ನು ವೇಗಗೊಳಿಸಬಹುದು. ಆದರೆ ಬಹುತೇಕ ಕ್ಯಾಮೆರಾಗಳಲ್ಲಿ 1/160ರಿಂದ 1/250ರ ಒಳಗೆ ಸ್ಟ್ರೋಬ್‌ನ ಮಿತಿ ಇರುತ್ತದೆ, ಅದನ್ನು ದಾಟಿದರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ.

ಹಲವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅಪರ್ಚರ್ ಮತ್ತು ಐಎಸ್‌ಒ ಬದಲಾಯಿಸಿದ್ದರಿಂದ ಮಿಂಚಿನ ಪರಿಣಾಮವೂ 16 ಪಟ್ಟು ಹೆಚ್ಚಿದೆ. ಅಂದರೆ ಸ್ಟ್ರೋಬನ್ನು ಪೂರ್ಣ ಶಕ್ತಿಯ 1/16ಕ್ಕೆ ಇಳಿಸಿದರೂ ಮೀನು ಮೊದಲಿನಷ್ಟೇ ಸುಡುತ್ತದೆ. 1/32ಕ್ಕೆ, ಸಾಧ್ಯವಾದರೆ 1/64ಕ್ಕೆ ಇಳಿಸಿ. ಅಷ್ಟು ಇಳಿಯದ ಸ್ಟ್ರೋಬ್ ಆದರೆ ಬೆಳಕನ್ನು ಚದುರಿಸುವ ಮುಚ್ಚಳ, ಅಂದರೆ ಡಿಫ್ಯೂಸರ್ ಹಾಕಿ, ಇಲ್ಲವೇ ಸ್ಟ್ರೋಬನ್ನು ಮೀನಿನಿಂದ ದೂರ ಸರಿಸಿ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೂ ಕಡಿಮೆಯಾಗುತ್ತದೆ. ಬೆಳ್ಳಿ ಮೈಯ ಮೀನಿನ ವಿಷಯದಲ್ಲಂತೂ ಆಟೋ ಲೆಕ್ಕವನ್ನು ನಂಬಬೇಡಿ. ಅದರ ಒಂದೊಂದು ಹುರುಪೆಯೂ ಪುಟ್ಟ ಕನ್ನಡಿ. ಎದುರಿನಿಂದ ಬೆಳಕು ಬಿದ್ದರೆ ಹುರುಪೆಯ ಅಂಚುಗಳೆಲ್ಲ ಅಳಿಸಿ, ಬಿಳಿ ತೇಪೆ ಉಳಿಯುತ್ತದೆ. ಅದೇ ಬೆಳಕು ಓರೆಯಾಗಿ ಮೇಲಿನಿಂದ ಸವರಿದರೆ ಬೆನ್ನಿನ ಹಸಿರು, ಕಿವಿರಿನ ಬಳಿಯ ಹೊನ್ನು, ಒಂದೊಂದು ಹುರುಪೆಯ ಗಡಿಯೂ ಎದ್ದು ಬರುತ್ತದೆ. ಅದನ್ನು ಒಮ್ಮೆ ಕಂಡ ಮೇಲೆ ನೇರ ಬೆಳಕಿಗೆ ನೀವೇ ಮರಳುವುದಿಲ್ಲ.

ಹಿಟ್ಟಿನಂಥ ಚುಕ್ಕೆಗಳು ನೀರಿನಲ್ಲಿ ತೇಲುವ ಕಸ. ಲೆನ್ಸ್ ಪಕ್ಕದಲ್ಲೇ ಸ್ಟ್ರೋಬ್ ಇದ್ದರೆ ಲೆನ್ಸಿಗೂ ಮೀನಿಗೂ ನಡುವಿನ ಕಸವೆಲ್ಲ ಬೆಳಗುತ್ತದೆ. ಸ್ಟ್ರೋಬ್ ಹಿಡಿದಿಡುವ ತೋಳು ಕೊಂಡು ಅದನ್ನು ಒಂದು ಮೊಳ ಪಕ್ಕಕ್ಕೆ, ಲೆನ್ಸಿಗಿಂತ ತುಸು ಹಿಂದಕ್ಕೆ ತಂದು, ಮುಖವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ. ಬೆಳಕಿನ ನಡುಭಾಗವಲ್ಲ, ಅಂಚು ಮೀನನ್ನು ಮುಟ್ಟಬೇಕು. ಮೀನಿಗೆ ಒಂದು ಅಡಿಯಷ್ಟು ಹತ್ತಿರ ಹೋಗಿ. ನಡುವಿನ ನೀರು ಕಡಿಮೆಯಾದಷ್ಟೂ ಕಸವೂ ಕಡಿಮೆ.

ಕಸವನ್ನು ಎಬ್ಬಿಸುವುದೂ ನಾವೇ. ಹರಿವಿನ ಮೇಲ್ಗಡೆ ನಿಂತರೆ ನಿಮ್ಮ ಕಾಲು ಕೆದಕಿದ ಮಣ್ಣು ಮೀನಿನ ಮುಂದಕ್ಕೆ ಹೋಗುತ್ತದೆ. ಕೆಳಗಡೆ ನಿಂತರೆ ಬರೀ ಬಾಲ ಕಾಣುತ್ತದೆ, ಏಕೆಂದರೆ ಮೀನುಗಳು ಹರಿವಿಗೆ ಮುಖ ಕೊಟ್ಟು ನಿಲ್ಲುತ್ತವೆ. ದಂಡೆಯ ಪಕ್ಕದಿಂದ, ಹರಿವಿಗೆ ಅಡ್ಡಲಾಗಿ ಮಲಗಿ, ಹತ್ತು ನಿಮಿಷ ಅಲ್ಲಾಡದೆ ಕಾಯಿರಿ. ಅಷ್ಟರಲ್ಲಿ ಮಣ್ಣು ಹರಿದುಹೋಗಿರುತ್ತದೆ, ಮೀನುಗಳೂ ಹತ್ತಿರ ಬಂದಿರುತ್ತವೆ. ಮಳೆಗಾಲದ ಕೆಂಪು ನೀರಿನಲ್ಲಿ ಪ್ರಯತ್ನಿಸಬೇಡಿ. ದೀಪಾವಳಿಯ ನಂತರ ನೀರು ತಿಳಿಯಾಗುತ್ತದೆ. ಕೊಯ್ಲಿನ ದಿನಗಳಲ್ಲಿ ಮೇಲಿನ ತೋಟದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ಹಳ್ಳಕ್ಕೆ ಇಳಿದರೆ ಚಿತ್ರವೂ ಇಲ್ಲ, ಮೀನೂ ಇಲ್ಲ. ನಿಮ್ಮ ಪಲ್ಪರ್ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ದಯವಿಟ್ಟು ನೋಡಿಕೊಳ್ಳಿ.

ಇನ್ನೊಂದು ಮಾತು. ನೇತ್ರಾಣಿಗೆಂದು ಕೆಂಪು ಫಿಲ್ಟರ್ ಕೊಂಡಿದ್ದರೆ ಅದನ್ನು ಹಳ್ಳಕ್ಕೆ ತರಬೇಡಿ. ಆಳ ಕಡಲಿನಲ್ಲಿ ಮೊದಲು ಮಾಯವಾಗುವುದು ಕೆಂಪು. ನಮ್ಮ ಹಳ್ಳಗಳಲ್ಲಿ ಎಲೆ ಕೊಳೆತು ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಅಂಥ ನೀರು ಮೊದಲು ನುಂಗುವುದು ನೀಲಿಯನ್ನು. ಫಿಲ್ಟರ್ ಹಾಕಿದರೆ ಕೆಂಪಿನ ಮೇಲೆ ಕೆಂಪು. ಸ್ಟ್ರೋಬ್ ಬೆಳಕಿನಲ್ಲಿ ಮೀನು ತನ್ನ ನಿಜಬಣ್ಣದಲ್ಲಿ, ಹಿಂದಿನ ನೀರು ಜೇನುಬಣ್ಣದಲ್ಲಿ ಬರುತ್ತದೆ. ಕಂಪ್ಯೂಟರಿನಲ್ಲಿ ಕೂತು ಆ ಜೇನುಬಣ್ಣವನ್ನು ನೀಲಿ ಮಾಡಲು ಹೋಗಬೇಡಿ. ಮಲೆನಾಡಿನ ನೀರಿನ ಬಣ್ಣವೇ ಅದು.

ಪ್ರಶ್ನೆ: ಶೃಂಗೇರಿಯ ತುಂಗೆಯಲ್ಲಿರುವ ದೊಡ್ಡ ಮೀನುಗಳನ್ನು ಸ್ಟ್ರೋಬ್ ಬಳಸಿ ತೆಗೆಯಬಹುದೇ?

ಉತ್ತರ: ಬೇಡ. ಅವು ಜನರ ಭಕ್ತಿಯ ಕಾವಲಿನಲ್ಲಿ ಬದುಕಿರುವ ಮೀನುಗಳು, ಅವುಗಳ ನಡುವೆ ಕ್ಯಾಮೆರಾ ಇಳಿಸಿ ಮಿಂಚು ಹೊಡೆಯುವುದು ಸಲ್ಲದು. ಮೆಟ್ಟಿಲ ಮೇಲೆಯೇ ಕೂತು ಪೋಲರೈಜಿಂಗ್ ಫಿಲ್ಟರ್ ಬಳಸಿ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡುತ್ತಾ ಫಿಲ್ಟರನ್ನು ಮೆಲ್ಲಗೆ ತಿರುಗಿಸಿ. ಒಂದು ಹಂತದಲ್ಲಿ ಆಕಾಶದ ಪ್ರತಿಬಿಂಬ ಕರಗಿ, ಮೀನುಗಳ ಕಪ್ಪು ಬೆನ್ನು ಸಾಲಾಗಿ ಕಾಣಿಸುತ್ತದೆ.