ಪ್ರತಿಕ್ರಿಯೆ: ರೋನ್ ಕಣಿವೆ ಯಾಕೆ ಅಷ್ಟು ಒಣ?

ಸುತ್ತಲೂ ಹಿಮದ ಬೆಟ್ಟಗಳಿದ್ದರೂ ಸ್ವಿಟ್ಜರ್ಲೆಂಡಿನ ರೋನ್ ನದಿ ಕಣಿವೆ ಯಾಕೆ ಒಣಗಿದಂತಿದೆ ಎಂದು ಕೇಳಿದ್ದೀರಿ. ಆ ಬೆಟ್ಟಗಳೇ ಕಾರಣ! ಉತ್ತರಕ್ಕೆ ಬರ್ನೀಸ್ ಆಲ್ಪ್ಸ್, ದಕ್ಷಿಣಕ್ಕೆ ಪೆನ್ನೈನ್ ಆಲ್ಪ್ಸ್. ಎರಡರಲ್ಲೂ 4000 ಮೀಟರ್ ದಾಟಿದ ಶಿಖರಗಳಿವೆ. ಮೋಡ ಯಾವ ಕಡೆಯಿಂದ ಬಂದರೂ ಮಳೆ ಜಾಸ್ತಿ ಆಚೆ ಬದಿಯಲ್ಲೇ ಸುರಿದುಬಿಡುತ್ತದೆ. ಸಿಯೋನ್ ಪಟ್ಟಣಕ್ಕೆ ವರ್ಷಕ್ಕೆ ಸುಮಾರು 600 ಮಿ.ಮೀ. ಅಷ್ಟೇ.

ಅದಕ್ಕೇ ಅಲ್ಲಿನ ರೈತರು ಬಂಡೆಯ ಅಂಚಿಗೆ ಮರದ ಕಾಲುವೆ ಕಟ್ಟಿ, ಹಿಮನದಿಯ ನೀರನ್ನು ಹುಲ್ಲುಗಾವಲಿಗೂ ದ್ರಾಕ್ಷಿ ತೋಟಕ್ಕೂ ತಂದರು. ಇವಕ್ಕೆ ‘ಬಿಸ್’ ಎನ್ನುತ್ತಾರೆ. ಕೆಲವದರ ಪಕ್ಕ ಈಗಲೂ ನಡೆಯಬಹುದು, ತಲೆಸುತ್ತು ಇದ್ದರೆ ಬೇಡ! ಬೇಸಿಗೆಯಲ್ಲಿ ನದಿ ಬೂದು ಬಣ್ಣಕ್ಕಿದ್ದರೆ ಕೊಳಕು ಅಂದುಕೊಳ್ಳಬೇಡಿ, ಹಿಮನದಿ ಅರೆದ ಕಲ್ಲಿನ ಪುಡಿ ಅದು. ಮಾರ್ಟಿನ್ಯಿ ಹತ್ತಿರ ನದಿ ಥಟ್ಟನೆ ಬಲಕ್ಕೆ ತಿರುಗಿ ಜಿನೀವಾ ಸರೋವರದ ಕಡೆ ಹೊರಡುತ್ತದೆ.